ಗಿಳಿಮೀನು ಮರಳು ಬೀಸುವ ಕಡಲು

ಹವಾಯಿ ದ್ವೀಪಗಳಲ್ಲಿ ಮಾವಿ ಎಂಬುದೊಂದು. ಅದರ ನೈಋತ್ಯ ತೀರದಿಂದ ನಾಲ್ಕೈದು ಕಿಲೋಮೀಟರ್ ದೂರದಲ್ಲಿ, ಕಡಲ ನಡುವೆ ಬಿದಿಗೆ ಚಂದ್ರನ ಆಕಾರದ ಕಲ್ಲುಗುಡ್ಡವಿದೆ. ಹೆಸರು ಮೊಲೊಕಿನಿ. ಮುಳುಗಿದ ಜ್ವಾಲಾಮುಖಿಯ ಬಾಯಿಯ ಅಂಚು ಅದು. ಅಂಚಿನ ಒಂದು ಭಾಗ ನೀರಿನ ಮೇಲೆ ಸುಮಾರು 160 ಅಡಿ ಎದ್ದು ನಿಂತಿದೆ, ಉಳಿದದ್ದು ನೀರಿನೊಳಗೆ. ಆ ಬಾಗಿದ ತೋಳಿನ ಆಸರೆಯಲ್ಲಿ ಅಲೆಗಳ ಅಬ್ಬರವಿಲ್ಲ, ಹೊಳೆಯ ಕೆಸರು ಬಂದು ಸೇರುವುದಿಲ್ಲ. ಹಾಗಾಗಿ ನೀರು ಎಷ್ಟು ತಿಳಿಯೆಂದರೆ ಅನೇಕ ದಿನ ನೂರು ಅಡಿ ದೂರದವರೆಗೂ ಕಣ್ಣು ಹಾಯುತ್ತದೆ.

ಕಳೆದ ಜೂನ್‌ನಲ್ಲಿ, ಕ್ಯಾಲಿಫೋರ್ನಿಯಾದಲ್ಲಿರುವ ಮಗನ ಮನೆಯವರ ಜೊತೆ ನಾನೂ ಅಲ್ಲಿಗೆ ಹೋಗಿದ್ದೆ. ನನಗೆ 67, ಮೊಮ್ಮಗಳಿಗೆ 9. ಕುಂದಾಪುರದ ಕಡಲು ನೋಡುತ್ತ ಬೆಳೆದವಳು ನಾನು. ಆದರೆ ನಮ್ಮ ಕಾಲದ ಹೆಣ್ಣುಮಕ್ಕಳಿಗೆ ಕಡಲೆಂದರೆ ಕಾಲು ತೋಯಿಸಿಕೊಳ್ಳುವಷ್ಟೇ. ಈಜು ಬಾರದು. “ನೀನೂ ನೀರಿಗೆ ಇಳೀಬೇಕು ಅಜ್ಜಿ” ಎಂದು ಮೊಮ್ಮಗಳು ಹಟ ಹಿಡಿದಳು. ಹೊರಡುವ ಮೊದಲೇ ಡಾಕ್ಟರನ್ನು ಕೇಳಿದ್ದೆ. ದೋಣಿಯವರೂ ಎದೆ, ಉಸಿರಾಟದ ತೊಂದರೆ ಇದೆಯೇ ಎಂದು ಬರೆಸಿಕೊಳ್ಳುತ್ತಾರೆ. ನನ್ನ ವಯಸ್ಸಿನವರು ಅಲ್ಲಿ ನಿಜವನ್ನೇ ಬರೆಯಬೇಕು.

ನೂರು ಜನರನ್ನು ಒಯ್ಯುವ ದೊಡ್ಡ ದೋಣಿಗಳೂ ಅಲ್ಲಿವೆ. ಮಗ ಆರಿಸಿದ್ದು ಹನ್ನೆರಡೇ ಜನರ ಸಣ್ಣ ದೋಣಿ. ನಮ್ಮ ಜೊತೆ ನೀರಿಗಿಳಿಯುವ ಹುಡುಗಿಗೆ ಅರ್ಧ ಗಂಟೆಯಲ್ಲೇ ಎಲ್ಲರ ಹೆಸರೂ ಬಾಯಿಗೆ ಬಂದಿತ್ತು. ಮಧ್ಯಾಹ್ನದ ಹೊತ್ತಿಗೆ ಗಾಳಿ ಎದ್ದು ಕಡಲು ಕದಡುತ್ತದೆಂದು ಬೆಳಿಗ್ಗೆ ಆರೂವರೆಗೇ ಹೊರಟೆವು. ಮೊಲೊಕಿನಿಯಲ್ಲಿ ದೋಣಿಯವರು ಲಂಗರು ಬಿಡಲಿಲ್ಲ. ಲಂಗರು ಬಿದ್ದರೆ ಹವಳ ಮುರಿಯುತ್ತದೆ. ಅಲ್ಲಿ ತೇಲುಬುರುಡೆಗಳನ್ನು ಕಾಯಂ ಆಗಿ ಕಟ್ಟಿಟ್ಟಿದ್ದಾರೆ, ಅದಕ್ಕೇ ಹಗ್ಗ ಬಿಗಿದರು. ಗುಡ್ಡದ ಮೇಲೆ ಕಾಲಿಡುವಂತಿಲ್ಲ, ಅದು ಕಡಲಹಕ್ಕಿಗಳ ಜಾಗ.

ಕಣ್ಣಿಗೆ ಗಾಜಿನ ಮುಸುಕು, ಬಾಯಿಗೆ ಸ್ನಾರ್ಕೆಲ್ ಎಂಬ ಬಾಗಿದ ಕೊಳವೆ, ಸೊಂಟಕ್ಕೆ ತೇಲುಪಟ್ಟಿ. ಮುಖ ನೀರಿನಲ್ಲಿಟ್ಟು ಬಾಯಿಂದ ಉಸಿರಾಡಬೇಕು. ಕೇಳಲು ಸುಲಭ! ಮೊದಲ ಎರಡು ನಿಮಿಷ ನನ್ನ ಉಸಿರು ನನಗೇ ತಿದಿಯ ಹಾಗೆ ಕೇಳಿಸಿತು. ಆದರೆ ನಿಜವಾಗಿ ಹೆದರಿದ್ದು ನಾನಲ್ಲ, ಚೆನ್ನಾಗಿ ಈಜು ಬಲ್ಲ ಮೊಮ್ಮಗಳು. ಕೆಳಗೆ ನೋಡಿದವಳೇ ತಲೆ ಎತ್ತಿ ನನ್ನ ತೋಳು ಹಿಡಿದಳು. “ಅಜ್ಜಿ, ಮಾಳಿಗೆಯಿಂದ ಬಿದ್ದುಬಿಡ್ತೀನಿ ಅನ್ಸತ್ತೆ.” ನೀರು ಅಷ್ಟು ತಿಳಿಯಾಗಿತ್ತು, ನಡುವೆ ನೀರಿದೆ ಎಂಬುದೇ ಮರೆತುಹೋಗುತ್ತಿತ್ತು. “ಬೀಳಲ್ಲ ಪುಟ್ಟಿ, ನೀರು ನಮ್ಮನ್ನ ಎತ್ತಿಕೊಂಡಿದೆ” ಎಂದೆ. ಒಂದೇ ತೇಲುಬಳೆಯನ್ನು ಇಬ್ಬರೂ ಹಿಡಿದುಕೊಂಡೆವು. ಮತ್ತೆ ಮುಖವಿಟ್ಟೆವು.

ಆಗ ಕೇಳಿಸಿತು ಕಟಕಟ ಸದ್ದು. ಯಾರೋ ಪಕ್ಕದ ಕೋಣೆಯಲ್ಲಿ ಚಕ್ಕುಲಿ ಕಡಿಯುತ್ತಿರುವ ಹಾಗೆ! ನೀಲಿ ಹಸಿರು ಬಣ್ಣದ ಗಿಳಿಮೀನು ಕೊಕ್ಕಿನಂಥ ಹಲ್ಲಿನಿಂದ ಸತ್ತ ಹವಳವನ್ನು ಕೆರೆದು ಪಾಚಿ ತಿನ್ನುತ್ತಿತ್ತು. ಜೊತೆಗೆ ಬಂದ ಸುಣ್ಣದ ಕಲ್ಲು ಅದರ ಗಂಟಲಿನ ಹಲ್ಲುಗಳಲ್ಲಿ ನುಣ್ಣಗಾಗಿ ಹಿಂದಿನಿಂದ ಬಿಳಿ ಮರಳಾಗಿ ಬೀಳುತ್ತದೆ. ದೊಡ್ಡದೊಂದು ಗಿಳಿಮೀನು ವರ್ಷಕ್ಕೆ ನೂರಾರು ಕಿಲೋ ಮರಳು ಮಾಡಬಲ್ಲದಂತೆ. ಹವಾಯಿಯ ಬಿಳಿ ಕಡಲತೀರಗಳಲ್ಲಿ ಇವುಗಳ ದುಡಿಮೆಯ ಪಾಲು ದೊಡ್ಡದು. ಪಾಚಿಯೂ ಹೀಗೆ ಖಾಲಿಯಾಗುವುದರಿಂದ ಎಳೆ ಹವಳಕ್ಕೆ ಬೇರೂರಲು ಜಾಗ ಸಿಗುತ್ತದೆ.

ಹವಳ ಕಲ್ಲಲ್ಲ, ಜೀವ. ಕಾಲೂರಿದರೆ ಸಾಯುತ್ತದೆ. ಈ ಜಾಗವೂ ಕಷ್ಟ ಕಂಡಿದೆ. ಎರಡನೇ ಮಹಾಯುದ್ಧದ ಕಾಲದಲ್ಲಿ ಅಮೆರಿಕದ ನೌಕಾಪಡೆ ಮೊಲೊಕಿನಿಯನ್ನು ಗುರಿಯಾಗಿಟ್ಟು ಬಾಂಬಿನ ಅಭ್ಯಾಸ ಮಾಡುತ್ತಿತ್ತು! 1977ರಲ್ಲಿ ಇದನ್ನು ಸಂರಕ್ಷಿತ ಪ್ರದೇಶ ಮಾಡಿದರು. ಹವಳಕ್ಕೆ ಹಾನಿ ಎಂದು ಎರಡು ರಾಸಾಯನಿಕಗಳಿರುವ ಸನ್‌ಸ್ಕ್ರೀನ್ ಮಾರಾಟವನ್ನು 2021ರಿಂದ ಹವಾಯಿಯಲ್ಲಿ ನಿಲ್ಲಿಸಿದ್ದಾರೆ. ನಮ್ಮ ಮುರ್ಡೇಶ್ವರದ ಎದುರಿನ ನೇತ್ರಾಣಿಯಲ್ಲೂ ಜನ ನೀರಿಗಿಳಿಯುತ್ತಾರೆ. ಅಲ್ಲಿಯೂ ಕಾಲೂರದಿರುವ ಮಾತು ನೆನಪಿರಲಿ.

ಹಿಂದಿರುಗುವ ದಾರಿಯಲ್ಲಿ ಮಾವಿ ತೀರದ ಬಳಿ ಹಸಿರು ಆಮೆಯೊಂದು ಉಸಿರಿಗಾಗಿ ಮೇಲೆ ಬಂತು. ಹತ್ತು ಅಡಿ ದೂರವಿರಿ ಎಂದಿದ್ದರು. ಅದೇ ನಮ್ಮ ಕಡೆ ಬಂದಾಗ ನಾವೇ ಹಿಂದೆ ಸರಿದೆವು. ಚಳಿಗಾಲದಲ್ಲಾದರೆ ಅಲಾಸ್ಕದಿಂದ ಬರುವ ತಿಮಿಂಗಿಲಗಳ ಹಾಡೂ ನೀರಿನೊಳಗೆ ಕೇಳುತ್ತದಂತೆ.

ದಡದಲ್ಲಿ ಮೊಮ್ಮಗಳು ಬೊಗಸೆ ತುಂಬ ಮರಳು ಹಿಡಿದು, “ಇದೆಲ್ಲ ಮೀನಿನ ಕಕ್ಕಾನಾ ಅಜ್ಜಿ?” ಎಂದು ನಕ್ಕಳು. ಆ ರಾತ್ರಿ ಹವಾಯಿಯ ರಾಜ್ಯಮೀನಿನ ಹೆಸರನ್ನು ನನ್ನಿಂದ ಕನ್ನಡದಲ್ಲಿ ಬರೆಸಿಕೊಂಡಳು: ಹುಮುಹುಮುನುಕುನುಕುಆಪುಅಅ. ಹಂದಿಯಂಥ ಮೂತಿಯ ಮೀನು ಎಂದು ಅರ್ಥ. ಇಂಗ್ಲಿಷಿನಲ್ಲಿ ಬರೆಯಲು 21 ಅಕ್ಷರ ಬೇಕು, ಕನ್ನಡದಲ್ಲಿ 12 ಸಾಕು. ಮಕ್ಕಳೇ, ಒಂದೇ ಉಸಿರಿಗೆ ಹೇಳಿ ನೋಡಿ. ಅಜ್ಜಿ ತಾತನ ಕೈಲೂ ಹೇಳಿಸಿ.