ಗಂಗೊಳ್ಳಿ ಅಳಿವೆಯ ಬಾಗಿಲಲ್ಲಿ

1998ರ ಕಾರ್ತಿಕ ಹುಣ್ಣಿಮೆ. ನಮ್ಮ ನೆಂಟರೊಬ್ಬರು ಮಲ್ಪೆಯಲ್ಲಿ ಹಳೆಯ ಬೋಟೊಂದನ್ನು ಕೊಂಡಿದ್ದರು. ಕಡಲೆಂದರೆ ತಲೆಸುತ್ತುವ ಅವರು ಬಸ್ಸು ಹತ್ತಿದರು. ಬೋಟನ್ನು ಊರಿಗೆ ಮುಟ್ಟಿಸುವ ಕೆಲಸ ತಂಡೇಲರದ್ದು. ಅವರ ಜೊತೆಗೆ ವಿಜ್ಞಾನದ ಮೇಷ್ಟ್ರಾದ ನಾನು.

ಮೂರು ತಾಸಿನ ದಾರಿ. ಹನ್ನೊಂದರ ಹೊತ್ತಿನ ಉಬ್ಬರದಲ್ಲಿ ಗಂಗೊಳ್ಳಿ ಅಳಿವೆ ಹೊಗುವ ಲೆಕ್ಕ. ಆದರೆ ಕೋಟದ ನೇರಕ್ಕೆ ಇಂಜಿನ್ ನಿಂತಿತು. ಅದು ಕೆಮ್ಮುತ್ತಾ ಮತ್ತೆ ಹೊರಟು ಅಳಿವೆ ಕಂಡಾಗ ಸಂಜೆ ಐದು, ಪೂರ್ತಿ ಇಳಿತ. ಸೌಪರ್ಣಿಕಾ, ಚಕ್ರಾ, ವಾರಾಹಿ, ಕುಬ್ಜಾ, ಖೇಟಾ ಐದೂ ಹೊಳೆಗಳು ತಂದ ಮರಳನ್ನು ಕಡಲು ತಿರುಗಿ ಬಾಯಿಗೇ ತಳ್ಳುವ ಜಾಗವದು. ಅಡ್ಡಕ್ಕೆ ಬಿಳಿ ನೊರೆಯ ಗೆರೆ. ದಡದಲ್ಲಿ ಪೂಜೆಗೆಂದು ಕಾದಿದ್ದ ನೆಂಟರು ಶಾಲು ಬೀಸಿ ಕರೆಯುತ್ತಲೇ ಇದ್ದರು.

ತಂಡೇಲರು ಲಂಗರು ಹಾಕಿಸಿದರು. "ಬೋಟ್ ನಮ್ದಲ್ಲ ಮಾಷ್ಟ್ರೇ. ನೀರ್ ಏರ್ಲಿ."

ಉಬ್ಬರ ದಿನಕ್ಕೆ ಸುಮಾರು 50 ನಿಮಿಷ ತಡವಾಗುತ್ತದೆಂದು ಬೋರ್ಡಿನ ಮೇಲೆ ಬರೆಯುತ್ತಿದ್ದ ನಾನು, ನೀರು ಏರುವುದನ್ನು ಕೂತು ಕಾದದ್ದು ಅಂದೇ. ಚಂದ್ರ ಮೂಡಿದ. ಎಂಟೂವರೆಯ ಹೊತ್ತಿಗೆ ನೊರೆಯ ಗೆರೆ ಅಳಿಸಿಹೋಗಿತ್ತು. ಬೋಟು ಒಳಗೆ ಬಂತು.

ನೆಂಟರು ಮುಖ ಊದಿಸಿಕೊಂಡೇ ಕಾಯಿ ಒಡೆದರು.