ಕಾಲು ಚಾಚುವಷ್ಟು ಜಾಗ

ಸಮುದ್ರವೆಂಬುದು ನಮ್ಮ ಮನೆತನದಲ್ಲಿ ಬಹುಕಾಲ ಕೇವಲ ಒಂದು ಉಪಮಾನವಾಗಿತ್ತು. ತುಮಕೂರು ಸೀಮೆಯ, ಕೆರೆಯೇ ಕಡಲೆನಿಸುವ ಹಳ್ಳಿಯವರು ನಾವು. ಅಜ್ಜಿಯ ಬಾಯಿಯ ಭವಸಾಗರವಾಗಲಿ, ನಾನು ತರಗತಿಯಲ್ಲಿ ವಿವರಿಸುವ ಹಳಗನ್ನಡ ಕಾವ್ಯಗಳ ಕಡಲಾಗಲಿ, ಕಾಲನ್ನು ನೆನೆಸುವಂಥವಲ್ಲ. ಆದರೆ ಆರು ವರ್ಷಗಳ ಹಿಂದೆ ನನ್ನ ತಮ್ಮ ನೌಕಾಪಡೆಗೆ ಸೇರಿದ. ಅಂದಿನಿಂದ ಆ ಉಪಮಾನಕ್ಕೆ ಉಪ್ಪಿನ ರುಚಿ ಬಂದಿತು.

ಅವನ ಅರ್ಜಿಯನ್ನು ತುಂಬಿಕೊಟ್ಟವನು ನಾನೇ. ಅಮ್ಮ ಅದನ್ನು ಬಾಯಿಬಿಟ್ಟು ಆಕ್ಷೇಪಿಸಲಿಲ್ಲ. ಆದರೆ ಅವನು ದೂರವಾಣಿಯಲ್ಲಿ ಮಾತನಾಡಿದಾಗಲೆಲ್ಲ ಅವಳದು ಒಂದೇ ಪ್ರಶ್ನೆ: "ಮಲಗೋಕೆ ಜಾಗ ಚೆನ್ನಾಗಿದೆಯೇನೋ?" ಅವನದೂ ಒಂದೇ ಉತ್ತರ: "ಮನೆಗಿಂತ ಚೆನ್ನಾಗಿದೆ, ಅಮ್ಮ." ನಡುಮನೆಯ ಚಾಪೆಯ ಮೇಲೆ ಪೂರ್ವಕ್ಕೆ ತಲೆಯಿಟ್ಟು ಮಲಗಿ, ಬೆಳಗಿನ ಹೊತ್ತಿಗೆ ದಕ್ಷಿಣಕ್ಕೆ ಹೊರಳಿ, ಅಕ್ಕಪಕ್ಕದವರನ್ನೆಲ್ಲ ಗೋಡೆಗೆ ಒತ್ತರಿಸುತ್ತಿದ್ದ ಹುಡುಗ ಅವನು. ಅವನ ನಿದ್ರೆಯ ವಿಚಾರದಲ್ಲಿ ತಾಯಿಗೆ ಚಿಂತೆಯಿದ್ದುದು ಸಹಜವೇ.

ಕಳೆದ ಡಿಸೆಂಬರಿನಲ್ಲಿ ನಾಲ್ಕು ದಿನದ ರಜೆ ಕೂಡಿಬಂದಾಗ ಅಮ್ಮ, ನನ್ನ ಹೆಂಡತಿ ಮತ್ತು ಎಂಟು ವರ್ಷದ ಮಗನೊಡನೆ ಕಾರವಾರಕ್ಕೆ ಹೋದೆ. ಅಲ್ಲಿಯ ಕಡಲತೀರಕ್ಕೆ ರವೀಂದ್ರನಾಥ ಠಾಗೂರರ ಹೆಸರಿದೆ. 1883ರಲ್ಲಿ, ಇಪ್ಪತ್ತೆರಡರ ತರುಣ ಕವಿ, ಅಲ್ಲಿ ಜಿಲ್ಲಾ ನ್ಯಾಯಾಧೀಶರಾಗಿದ್ದ ಅಣ್ಣ ಸತ್ಯೇಂದ್ರನಾಥರ ಮನೆಗೆ ಬಂದು ತಂಗಿದ್ದರು. ಒಂದು ನಾಟಕವನ್ನೂ ಅಲ್ಲಿಯೇ ಬರೆದರು. ಇದನ್ನೆಲ್ಲ ನಾನು ಮರಳಿನ ಮೇಲೆ ನಿಂತು ಸವಿಸ್ತಾರವಾಗಿ ಹೇಳುತ್ತಿದ್ದೆ. ಉಪನ್ಯಾಸಕರ ದೌರ್ಬಲ್ಯವನ್ನು ವಾಚಕರು ಕ್ಷಮಿಸಬೇಕು. ಅಮ್ಮನಿಗೆ ನನ್ನ ಮಾತು ಕೇಳಿಸುತ್ತಿರಲಿಲ್ಲ. ಅವಳ ದೃಷ್ಟಿಯೆಲ್ಲ ದಡದ ಮೇಲೆ ನಿಲ್ಲಿಸಿದ್ದ ಬೂದು ಬಣ್ಣದ ಹಡಗಿನ ಮೇಲೆ ನೆಟ್ಟಿತ್ತು.

ಅದು 'ಚಪಲ್' ಎಂಬ ಕ್ಷಿಪಣಿ ನೌಕೆ. ಸೋವಿಯತ್ ದೇಶದಲ್ಲಿ ನಿರ್ಮಾಣವಾದ ಇದು 1976ರಲ್ಲಿ ನಮ್ಮ ನೌಕಾಪಡೆಯನ್ನು ಸೇರಿ, 2005ರಲ್ಲಿ ನಿವೃತ್ತಿ ಪಡೆದು, 2006ರಲ್ಲಿ ವಸ್ತುಸಂಗ್ರಹಾಲಯವಾಯಿತು. ಇದೇ ವಂಶದ ಹಿರಿಯ ನೌಕೆಗಳು, ನಿಪಾತ್, ನಿರ್ಘಾತ್ ಮತ್ತು ವೀರ್, 1971ರ ಡಿಸೆಂಬರ್ 4ರ ರಾತ್ರಿ ಕರಾಚಿಯ ಮೇಲೆ ಎರಗಿದವು. ಡಿಸೆಂಬರ್ 4 ನೌಕಾಪಡೆಯ ದಿನವಾದದ್ದು ಅದರ ನೆನಪಿಗಾಗಿಯೇ. ಕನ್ನಡದಲ್ಲಿ 'ಚಪಲ' ಎಂದೊಡನೆ ಬಾಯಿಚಪಲ ನೆನಪಾಗುವುದು ಆ ಶಬ್ದದ ದುರದೃಷ್ಟ. ಸಂಸ್ಕೃತದಲ್ಲಿ ಚಪಲವೆಂದರೆ ವೇಗವುಳ್ಳದ್ದು, ಚಪಲೆಯೆಂದರೆ ಮಿಂಚು. ಮೂರು ಡೀಸೆಲ್ ಎಂಜಿನುಗಳ ಬಲದಿಂದ ಗಂಟೆಗೆ ಅರುವತ್ತು ಕಿಲೋಮೀಟರಿಗೂ ಮಿಕ್ಕಿ ಓಡುತ್ತಿದ್ದ ನೌಕೆಗೆ ಆ ಹೆಸರು ಒಪ್ಪುತ್ತದೆ.

ಮಗ ಓಡಿದ್ದು ಕ್ಷಿಪಣಿಗಳ ಕಡೆಗೆ. ಎಡಬಲಗಳಲ್ಲಿ ಎರಡೆರಡರಂತೆ ನಾಲ್ಕು ಭಾರಿ ಗೂಡುಗಳು. ಒಂದೊಂದು ಗೂಡೂ ನಮ್ಮೂರ ಎತ್ತಿನ ಗಾಡಿಯನ್ನು ಎತ್ತಿನ ಸಮೇತ ನುಂಗುವಂತಿತ್ತು. ಅಮ್ಮ ಮಾತ್ರ, "ಒಳಗೆ ಹೋಗೋಣ ನಡಿ," ಎಂದಳು. ಮಂಡಿನೋವಿನ ಅವಳು ಕಿರಿದಾದ ಮೆಟ್ಟಿಲುಗಳನ್ನು ನನ್ನ ಭುಜ ಹಿಡಿದು ಇಳಿದಳು. ತಲೆ ಬಗ್ಗಿಸದೆ ದಾಟಲಾಗದ ಬಾಗಿಲು, ಕೈಯೆತ್ತಿದರೆ ತಗಲುವ ಕೊಳವೆಗಳು. ಉದ್ದ ಸುಮಾರು ಮೂವತ್ತೊಂಬತ್ತು ಮೀಟರ್, ಅಗಲ ಎಂಟು ಮೀಟರಿಗೂ ಕಡಿಮೆ. ಎಂಜಿನು, ಎಣ್ಣೆ, ಆಯುಧ, ಯಂತ್ರಗಳಿಗೆಲ್ಲ ಸ್ಥಳ ಕೊಟ್ಟು ಉಳಿದುದರಲ್ಲಿ ಮೂವತ್ತರಷ್ಟು ಮಂದಿ ಉಂಡು ಮಲಗಬೇಕಿತ್ತು.

ಒಂದರ ಮೇಲೊಂದು ಜೋಡಿಸಿದ್ದ ಮಲಗುವ ಹಲಗೆಗಳ ಮುಂದೆ ಅಮ್ಮ ನಿಂತಳು. ಹೆಬ್ಬೆರಳನ್ನೂ ಕಿರುಬೆರಳನ್ನೂ ಅಗಲಿಸಿ, ಹೆಂಗಸರು ರವಿಕೆಯ ಬಟ್ಟೆಯನ್ನು ಅಳೆಯುವಂತೆ, ಗೇಣುಗೇಣಾಗಿ ಆ ಹಲಗೆಯ ಅಗಲವನ್ನು ಅಳೆದಳು. ಮತ್ತೆ ಮೇಲಿನ ಹಲಗೆಗೆ ಎಷ್ಟು ಅಂತರವಿದೆಯೆಂದು ನೋಡಿದಳು. ಆಮೇಲೆ ಮೆಲ್ಲನೆ, "ಆಯುಧಕ್ಕೆ ಅಷ್ಟು ದೊಡ್ಡ ಕೋಣೆ, ಮಕ್ಕಳಿಗೆ ಇಷ್ಟೇ ಜಾಗವೇನೋ?" ಎಂದಳು.

"ತಮ್ಮನ ಹಡಗು ಇದಕ್ಕಿಂತ ಬಹಳ ದೊಡ್ಡದು, ಅಮ್ಮ," ಎಂದೆ. ಮಾತು ನಿಜವೇ. ಆದರೆ ಹಡಗು ದೊಡ್ಡದಾದ ಮಾತ್ರಕ್ಕೆ ಹಲಗೆ ದೊಡ್ಡದಾಗುವುದಿಲ್ಲವೆಂದು ತಮ್ಮ ನನಗೊಬ್ಬನಿಗೆ ಎಂದೋ ಹೇಳಿದ್ದ. ಅಮ್ಮ ನನ್ನ ಮುಖವನ್ನೊಮ್ಮೆ ನೋಡಿದಳು. ಅರ್ಜಿ ತುಂಬಿದ ಕೈಯನ್ನು ಎಲ್ಲಿ ಮರೆಮಾಡಲಿ ಎಂದು ನನಗೆ ತೋಚಲಿಲ್ಲ. ಅವಳು ಏನೂ ಅನ್ನದೆ, ಆ ಹಲಗೆಯ ಮೇಲಿದ್ದ ಧೂಳನ್ನು ಸೆರಗಿನಿಂದ ಒರೆಸಿ ಮುಂದೆ ನಡೆದಳು.

ಆ ರಾತ್ರಿ ವಸತಿಗೃಹಕ್ಕೆ ತಮ್ಮನ ಕರೆ ಬಂದಿತು. ಅಮ್ಮ ಕಾರವಾರದ ಮೀನು ಪೇಟೆಯ ಗದ್ದಲವನ್ನು ಹೇಳಿದಳು, ಊಟವಾಯಿತೇ ಎಂದಳು. ಮಲಗುವ ಜಾಗವನ್ನು ಮಾತ್ರ ಕೇಳಲಿಲ್ಲ. ಅವನಿಗೆ ದಿಗಿಲಾಯಿತು. ನನ್ನ ಕೈಗೆ ಬಂದೊಡನೆ, "ಅಣ್ಣ, ಅಮ್ಮನಿಗೆ ಮೈ ಸರಿಯಿಲ್ಲವೇ?" ಎಂದ. "ಚೆನ್ನಾಗಿದ್ದಾಳೆ. ಇವತ್ತು ಒಂದು ಹಡಗು ನೋಡಿದೆವು," ಎಂದೆ. ಅತ್ತ ಕಡೆ ಬಹಳ ಹೊತ್ತು ಮಾತಿರಲಿಲ್ಲ.

ಯುಗಾದಿಗೆ ಅವನು ರಜೆಯ ಮೇಲೆ ಬಂದ. ಮೊದಲ ರಾತ್ರಿ ನೀರಿಗೆಂದು ಎದ್ದ ನಾನು ನೋಡುತ್ತೇನೆ: ಅಷ್ಟಗಲದ ನಡುಮನೆಯಲ್ಲಿ, ಚಾಪೆಯ ಒಂದಂಚಿನಲ್ಲಿ, ಕೈಗಳನ್ನು ಎದೆಯ ಮೇಲೆ ಮಡಿಸಿ, ಗೆರೆ ಎಳೆದಂತೆ ನೇರವಾಗಿ ಮಲಗಿದ್ದಾನೆ. ಬಾಗಿಲ ಬಳಿ ಅಮ್ಮನೂ ನಿಂತು ನೋಡುತ್ತಿದ್ದಳು. ಮರುದಿನದಿಂದ ಅವನ ಚಾಪೆಯ ಪಕ್ಕಕ್ಕೆ ಅವಳು ಇನ್ನೊಂದು ಚಾಪೆ ಹಾಸತೊಡಗಿದಳು. ಯಾರಿಗೆಂದು ಯಾರೂ ಕೇಳಲಿಲ್ಲ. ಮೂರು ರಾತ್ರಿ ಅದು ಹಾಸಿದಂತೆಯೇ ಉಳಿಯಿತು.

ನಾಲ್ಕನೆಯ ಬೆಳಗ್ಗೆ ನಾನು ಏಳುವಾಗ ಅಡುಗೆಮನೆಯಲ್ಲಿ ಪಾತ್ರೆಯ ಸದ್ದೇ ಇರಲಿಲ್ಲ. ತಮ್ಮ ಎರಡು ಚಾಪೆಗಳಿಗೂ ಅಡ್ಡಲಾಗಿ, ತಲೆ ದಕ್ಷಿಣಕ್ಕೆ, ಒಂದು ಕಾಲು ಹೊಸ್ತಿಲ ಮೇಲೆ ಚಾಚಿ ಮಲಗಿದ್ದ. ಅಮ್ಮ ತುಟಿಯ ಮೇಲೆ ಬೆರಳಿಟ್ಟು ನನಗೆ ಸನ್ನೆ ಮಾಡಿ, ಆ ಕಾಲನ್ನು ಜಾಗರೂಕತೆಯಿಂದ ದಾಟಿ, ಕಾಫಿಯ ಲೋಟವನ್ನು ನನ್ನ ಕೈಗಿತ್ತಳು.