ಎಲೆಯಿಲ್ಲದ ಕಾಡಿನಲ್ಲಿ

ಇಜೇರಿಯಂಥ ಎರೆನೆಲದ ಊರಿನ ಮಕ್ಕಳಿಗೆ ಕಾಡೆಂದರೆ ಮಲೆನಾಡು. ಆದರೆ ನಮ್ಮದೇ ಕಲಬುರಗಿ ಜಿಲ್ಲೆಯ ಇನ್ನೊಂದು ತುದಿಯಲ್ಲಿ, ಚಿಂಚೋಳಿಯ 134.88 ಚದರ ಕಿಲೋಮೀಟರ್ ಕಾಡು 2011ರಲ್ಲಿ ವನ್ಯಜೀವಿಧಾಮವಾಯಿತು.

ಮಾರ್ಚ್‌ನಲ್ಲಿ ಕರೆದೊಯ್ಯಿರಿ. 'ಸರ್, ಎಲ್ಲಾ ಒಣಗಿದೆ' ಎನ್ನುವುದೇ ಮಕ್ಕಳ ಮೊದಲ ಮಾತು. ಒಣಗಿಲ್ಲ. ಎಲೆಯ ಸೂಕ್ಷ್ಮ ರಂಧ್ರಗಳಿಂದ ನೀರು ಆವಿಯಾಗುತ್ತದೆ. ನೆಲದಲ್ಲಿ ತೇವ ಕಡಿಮೆಯಾದಾಗ ಮರ ಎಲೆಯನ್ನೇ ಕಳಚಿ ಆ ಖರ್ಚು ನಿಲ್ಲಿಸುತ್ತದೆ. ಅದೇ ಹೊತ್ತಿಗೆ ಬೋಳು ಮುತ್ತುಗದಲ್ಲಿ ಕೆಂಡದಂಥ ಹೂ! ಎಲೆಯ ಮರೆಯಿಲ್ಲದ್ದರಿಂದ ಹಕ್ಕಿಗಳಿಗೆ ದೂರದಿಂದಲೇ ಕಾಣುತ್ತದೆ. ಮಕರಂದಕ್ಕೆ ಬಂದವು ಪರಾಗವನ್ನೂ ಹೊತ್ತೊಯ್ಯುತ್ತವೆ. ಮದುವೆಯೂಟದ ಪತ್ರಾವಳಿ ಈ ಮರದ ಎಲೆಯದೇ ಎಂದರೆ ಹುಡುಗರು ಹುಬ್ಬೇರಿಸುತ್ತಾರೆ.

ಅರಣ್ಯ ಇಲಾಖೆಯ ಅನುಮತಿ ಪಡೆದು, ಅವರ ಸಿಬ್ಬಂದಿಯೊಂದಿಗೇ ನಡೆಯಬೇಕು. ಕಾಲಡಿಯೆಲ್ಲ ಒಣ ತರಗೆಲೆ. ಬೀಡಿ ಸೇದುವ ಪಾಲಕರು, ಕ್ಷಮಿಸಿ, ಬೆಂಕಿಪೊಟ್ಟಣವನ್ನು ಮನೆಯಲ್ಲೇ ಬಿಟ್ಟು ಬರಲಿ.